ಲಿಂಗನಮಕ್ಕಿ ಹಿನ್ನೀರಿಂದ ಹೊನ್ನಾವರ ಕಡಲಿಗೆ: ಇಬ್ಬರೇ, ನಾಲ್ಕು ರಾತ್ರಿ, ಕಾರಿಲ್ಲದೆ ಆಗತ್ತಾ?

ಬಿಡುವಿಲ್ಲದವ

ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೇ ವಾರ ನಾನು, ನನ್ನ ಹೆಂಡತಿ ಇಬ್ಬರೇ ಬೆಂಗಳೂರಿಂದ ಹೊರಡೋಣ ಅಂತಿದ್ದೀವಿ. ಬುಧವಾರ ರಾತ್ರಿ ಹೊರಟು ಮಂಗಳವಾರ ಬೆಳಗ್ಗೆ ವಾಪಸ್. ಬೆಟ್ಟದ ಮಧ್ಯೆ ದೊಡ್ಡ ನೀರು ಬೇಕು, ಆಮೇಲೆ ಸಮುದ್ರವೂ ಬೇಕು. ಶರಾವತಿ ಹಿನ್ನೀರಿನ ದಡದಲ್ಲಿ ಎರಡು ರಾತ್ರಿ, ಕರಾವಳಿಯಲ್ಲಿ ಎರಡು ರಾತ್ರಿ ಅಂತ ಅಂದಾಜು. ಪ್ರಶ್ನೆಗಳು:

ಕಾರಿಲ್ಲ, ಸೆಲ್ಫ್ ಡ್ರೈವ್ ಬೇಡ. ರೈಲು, ಬಸ್ಸು, ಎಲ್ಲೋ ಒಂದೆರಡು ಕಡೆ ಟ್ಯಾಕ್ಸಿ. ಇಷ್ಟರಲ್ಲಿ ಆಗತ್ತಾ?
ಅವಳಿಗೆ ಘಾಟಿ ತಿರುವಲ್ಲಿ ವಾಂತಿ. ಇಬ್ಬರಿಗೂ ಈಜು ಬರಲ್ಲ. ತೆಪ್ಪ, ಕಯಾಕ್ ಹತ್ತಬಹುದಾ?
ಗೋಕರ್ಣ ಸೇರಿಸಬೇಕು ಅಂತ ಎಲ್ಲರೂ ಹೇಳ್ತಾರೆ. ನಿಜವಾಗಲೂ ಬೇಕಾ? ನಮಗೆ ಗದ್ದಲ ಬೇಡ.
ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡೋ ಆಸೆ ಇದೆ. ಕೊನೆ ದಿನಕ್ಕೆ ಇಟ್ಕೊಳ್ಳೋಣ ಅಂತಿದ್ದೀವಿ.

ತಾಳಗುಪ್ಪ_ಲಾಸ್ಟ್_ಸ್ಟಾಪ್

ಆಗತ್ತೆ. ಕಾರಿಲ್ಲದಿರೋದೇ ಇಲ್ಲಿ ಅನುಕೂಲ, ಯಾಕಂದ್ರೆ ಹೋದ ದಾರೀಲೇ ವಾಪಸ್ ಬರಬೇಕಿಲ್ಲ. ಹೋಗೋದು ಮಲೆನಾಡಿನ ರೈಲಲ್ಲಿ, ವಾಪಸ್ ಬರೋದು ಕೊಂಕಣ ರೈಲಲ್ಲಿ. ನಡುವೆ ಘಾಟಿಯ 60 ಕಿ.ಮೀ. ಮಾತ್ರ ರಸ್ತೆ.

ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಗ್ಗೆ ಸಾಗರ ದಾಟಿ ತಾಳಗುಪ್ಪಕ್ಕೆ ಬರತ್ತೆ. ತಾಳಗುಪ್ಪಕ್ಕೇ ಟಿಕೆಟ್ ಮಾಡಿ. ಹಳಿ ಅಲ್ಲಿಗೇ ಮುಗಿಯತ್ತೆ, ನಿದ್ದೆಗಣ್ಣಲ್ಲಿ ಸ್ಟೇಷನ್ ತಪ್ಪೋ ಭಯ ಇಲ್ಲ, ಜೋಗವೂ 15 ಕಿ.ಮೀ. ಆಸುಪಾಸು. ಸಾಗರದಲ್ಲೇ ಇಳೀತೀರಿ ಅಂದ್ರೆ ಬುಕಿಂಗ್‌ನಲ್ಲಿ ಹೆಸರು 'ಸಾಗರ ಜಂಬಗಾರು' ಅಂತಿರತ್ತೆ, ಕೋಡ್ ಎಸ್‌ಆರ್‌ಎಫ್. ಬರೀ ಸಾಗರ್ ಅಂತ ಹುಡುಕಿ ಮೊದಲು ಬಂದದ್ದನ್ನ ಒತ್ತಿದ್ರೆ ಮಧ್ಯಪ್ರದೇಶದ ಸ್ಟೇಷನ್ ಸಿಕ್ಕೀತು, ನೋಡ್ಕೊಳ್ಳಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಅಂದ್ರೆ ಸೆಪ್ಟೆಂಬರ್ ಎರಡನೇ ವಾರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಎರಡೂ ರೈಲು ಒಂದೇ ದಿನ ಸಿಗಲ್ಲ, ವಾಪಸ್ ರೈಲಿಗೆ ಐದು ದಿನ ಬಿಟ್ಟು ಮತ್ತೆ ಕೂರಬೇಕು.

ಬೆಳಗ್ಗೆ ಏಳು–ಎಂಟಕ್ಕೆ ಇಳಿದವರಿಗೆ ರೂಮು ಸಿಗೋದು ಮಧ್ಯಾಹ್ನ. ಈ ನಾಲ್ಕೈದು ಗಂಟೆ ಏನು ಮಾಡೋದು ಅಂತ ಮೊದಲೇ ಯೋಚಿಸಿರಲ್ಲ, ಬ್ಯಾಗ್ ಹೊತ್ಕೊಂಡು ಸುಸ್ತಾಗ್ತಾರೆ. ತಂಗೋ ಜಾಗಕ್ಕೆ ಮೊದಲೇ ಫೋನ್ ಮಾಡಿ ಬ್ಯಾಗ್ ಇಟ್ಕೊಳ್ತೀರಾ, ಮುಖ ತೊಳೆಯೋಕೆ ಜಾಗ ಕೊಡ್ತೀರಾ ಕೇಳಿ. ಅದೇ ಹೊತ್ತಲ್ಲಿ ಜೋಗ ಮುಗಿಸಿ. ಬೆಳಗ್ಗೆ ಮಂಜು ಕವಿದಿದ್ರೆ ವಾಪಸ್ ಹೊರಡಬೇಡಿ, ಅರ್ಧ ಗಂಟೆಗೊಮ್ಮೆ ತೆರೆ ಸರಿಸಿದ ಹಾಗೆ ಬಿಡತ್ತೆ.

ಜೋಗದ ಬಗ್ಗೆ ಆಸೆ ಸ್ವಲ್ಪ ಕಮ್ಮಿ ಇಟ್ಕೊಳ್ಳಿ. 253 ಮೀಟರ್ ಎತ್ತರ ಎಲ್ಲೂ ಹೋಗಲ್ಲ, ಆದ್ರೆ ನವೆಂಬರ್‌ನಲ್ಲಿ ನೀರು ಎಳೆ ಎಳೆಯಾಗಿರತ್ತೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿಯ ನೀರೆಲ್ಲ ಕಾಲುವೆಯಲ್ಲಿ ತಳಕಳಲೆ ಸಮತೋಲನ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಇಳಿಯತ್ತೆ. ಜಲಪಾತವನ್ನ ಬಳಸಿ ಹೋಗೋ ದಾರಿ ಅದು. ಮಳೆಗಾಲದಲ್ಲಿ ಅಣೆಕಟ್ಟೆಯ ಕೆಳಗಿನ ಹಳ್ಳಗಳ ನೀರು, ಗೇಟು ತೆಗೆದ್ರೆ ಆ ನೀರು, ಇಷ್ಟೇ ರಾಜಾ–ರಾಣಿ–ರೋರರ್–ರಾಕೆಟ್‌ಗೆ ಸಿಗೋದು.

ಇದೇ ಕಾರಣಕ್ಕೆ ಎಲ್ಲಿ ತಂಗಬೇಕು ಅನ್ನೋದೂ ನಿರ್ಧಾರ ಆಗತ್ತೆ. ಲಿಂಗನಮಕ್ಕಿ ಮಳೆಗಾಲದ ಕೊನೆಗೆ ತುಂಬಿ (ಪೂರ್ಣ ಮಟ್ಟ 1819 ಅಡಿ) ಅಲ್ಲಿಂದ ಬೇಸಿಗೆವರೆಗೆ ಇಳೀತಾನೇ ಹೋಗತ್ತೆ. ಏಪ್ರಿಲ್‌ನಲ್ಲಿ ಹೋದ್ರೆ ಕೆರೆ ಕಾಣಲ್ಲ, ಕೆಂಪು ಮಣ್ಣಿನ ಮೆಟ್ಟಿಲು, ನಡುವೆ ಒಣ ಮರದ ಬುಡಗಳು. ನೀರು ತುಂಬಾ ಇಳಿದ ವರ್ಷ 1940ರ ದಶಕದ ಹಿರೇಭಾಸ್ಕರ ಅಣೆಕಟ್ಟೂ ಮೇಲೇಳತ್ತೆ, ಅದನ್ನ ನೋಡೋ ಹುಚ್ಚಿದ್ದವರು ಮೇ ತಿಂಗಳಿಗೇ ಕಾಯ್ತಾರೆ. ತಳಕಳಲೆ ಹಾಗಲ್ಲ, ವಿದ್ಯುದಾಗಾರಕ್ಕೆ ನೀರು ಹೊಂದಿಸಿ ಕೊಡೋ ಜಲಾಶಯವಾದ್ದರಿಂದ ಮಟ್ಟ ಅಷ್ಟಾಗಿ ಇಳಿಯಲ್ಲ. ನವೆಂಬರ್‌ಗೆ ಎರಡೂ ಚೆನ್ನ. ಬೇಸಿಗೆಗೆ ಮುಂದೂಡಿದ್ರೆ ತಳಕಳಲೆ ಮಾತ್ರ.

ತಂಗೋಕೆ: ಜಂಗಲ್ ಲಾಡ್ಜಸ್‌ನ ಶರಾವತಿ ಕ್ಯಾಂಪ್ ತಳಕಳಲೆ ದಡದಲ್ಲಿದೆ, ಜೋಗದ ಎದುರಿಗೆ ಬೇಕಾದ್ರೆ ಕೆಎಸ್‌ಟಿಡಿಸಿಯ ಮಯೂರ ಗೇರುಸೊಪ್ಪ (ರಾಜ್ಯ ಪ್ರವಾಸೋದ್ಯಮ ನಿಗಮದ ಹೋಟೆಲ್). ಲಿಂಗನಮಕ್ಕಿ ಹಿನ್ನೀರಿನ ದಡದ ಹೊನ್ನೆಮರಡು ಅಂದ್ರೆ ಟೆಂಟು, ಸರಳ ಊಟ, ನೀರಾಟ. ಅಟ್ಯಾಚ್ಡ್ ಬಾತ್‌ರೂಮ್ ಇಲ್ಲದಿದ್ರೆ ಜಗಳ ಆಗೋ ಜೋಡಿ ಅಲ್ಲಿಗೆ ಹೋಗಬಾರದು. ಮೊದಲೇ ಬುಕ್ ಮಾಡದೆ ಎಲ್ಲಿಗೂ ಹೋಗಬೇಡಿ. ಗುರುತಿನ ಚೀಟಿ ಇಬ್ಬರದೂ ಅಸಲಿ ಇರಲಿ, ಒಬ್ಬರದು ಸಾಕು ಅಂತ ಬಂದು ಕೌಂಟರ್‌ನಲ್ಲಿ ನಿಂತವರು ಬೇಕಾದಷ್ಟು ಜನ.

ಹೊಳೆಬದಿ

ಮೇಲಿನವರು ರೈಲು ಚೆನ್ನಾಗಿ ಹೇಳಿದ್ದಾರೆ, ನೀರಿನ ವಿಷಯ ನಾನು ಹೇಳ್ತೀನಿ.

ಈಜು ಬರದಿದ್ರೂ ತೆಪ್ಪ ಹತ್ತಬಹುದು, ಲೈಫ್ ಜಾಕೆಟ್ ಸರಿಯಾಗಿದ್ರೆ ಮಾತ್ರ. 'ಹಾಕ್ಕೊಂಡಿದ್ದೀವಿ' ಅನ್ನೋದಕ್ಕೂ 'ಸರಿಯಾಗಿದೆ' ಅನ್ನೋದಕ್ಕೂ ವ್ಯತ್ಯಾಸ ಇದೆ. ಬಕಲ್‌ಗಳೆಲ್ಲ ಟಕ್ ಅನ್ನಬೇಕು, ಪಟ್ಟಿ ಎಳೆದು ಬಿಗಿ ಮಾಡಬೇಕು. ಆಮೇಲೆ ಜೊತೆಯವರಿಗೆ ಎರಡೂ ಭುಜದ ಹತ್ರ ಜಾಕೆಟ್ ಹಿಡಿದು ಮೇಲೆ ಎತ್ತೋಕೆ ಹೇಳಿ. ಜಾಕೆಟ್ ಕಿವಿವರೆಗೆ ಬಂದ್ರೆ ಅದು ನಿಮ್ಮದಲ್ಲ, ಚಿಕ್ಕದು ಕೇಳಿ. ನೀರಿಗೆ ಬಿದ್ದಾಗ ಆಗೋದೂ ಅದೇ: ಜಾಕೆಟ್ ಮೇಲೆ ತೇಲತ್ತೆ, ಮನುಷ್ಯ ಅದರೊಳಗಿಂದ ಕೆಳಗೆ ಜಾರ್ತಾನೆ. ತೆಳ್ಳಗಿರೋ ಹೆಣ್ಮಕ್ಕಳಿಗೆ ದೊಡ್ಡ ಸೈಜು ಕೊಟ್ಟು 'ಪರವಾಗಿಲ್ಲ ಮೇಡಂ' ಅನ್ನೋದು ಎಲ್ಲ ಕಡೆ ಇರೋ ಚಾಳಿ. ಪರವಾಗಿದೆ. ಸ್ಪಂಜು ಒತ್ತಿ ನೋಡಿ, ಚಪ್ಪಟೆಯಾಗಿ ಗಟ್ಟಿಯಾಗಿದ್ರೆ ಅದರ ಕಾಲ ಮುಗಿದಿದೆ.

ತೆಪ್ಪದಲ್ಲಿ ನಡುವೆ, ತಳಕ್ಕೆ ಕೂರಬೇಕು, ಸೆಲ್ಫಿಗೆ ಎದ್ದು ನಿಲ್ಲಬಾರದು. ಬೆಳಗ್ಗೆ ಹತ್ತರ ಒಳಗೆ ಇಳಿಯಿರಿ. ಅಷ್ಟು ಅಗಲ ನೀರಿನ ಮೇಲೆ ಮಧ್ಯಾಹ್ನ ಗಾಳಿ ಎದ್ರೆ ಅಲೆ ಬರತ್ತೆ, ದುಂಡಗಿನ ತೆಪ್ಪಕ್ಕೆ ದಿಕ್ಕು ಇರಲ್ಲ, ಹುಟ್ಟು ಹಾಕೋನಿಗೂ ಕಷ್ಟ.

ನಿಜವಾದ ಅಪಾಯ ದೋಣಿಯಲ್ಲಿಲ್ಲ, ದಡದಲ್ಲಿದೆ. ಹಿನ್ನೀರು ಕೆರೆಯಂಗಳ ಅಲ್ಲ, ಮುಳುಗಿದ ಗುಡ್ಡದ ಇಳಿಜಾರು. ಮೊಣಕಾಲುದ್ದ ನೀರಿಂದ ಎರಡು ಹೆಜ್ಜೆ ಮುಂದಿಟ್ರೆ ತಲೆ ಮುಳುಗೋ ಆಳ ಇರಬಹುದು. ಕಾಲು ಕೆಸರಲ್ಲಿ ಹೂತ್ರೆ ಕೀಳೋಕಾಗಲ್ಲ, ನೀರೊಳಗೆ ಮರದ ಬುಡ ಬೇರೆ. ಕಾಲು ತೊಳೆಯೋಕೆ ಇಳಿದು ಹೋದ ಜೀವಗಳೇ ಜಾಸ್ತಿ. ಜಾಕೆಟ್ ಇಲ್ಲದೆ ಪಾದ ಮುಳುಗೋದಕ್ಕಿಂತ ಮುಂದೆ ಬೇಡ.

ಇನ್ನೊಂದು ವಿಷಯ ಪ್ರವಾಸಿ ಪುಟಗಳಲ್ಲಿ ಕಾಣಲ್ಲ: ಉಣುಗು, ಅಂದ್ರೆ ಉಣ್ಣೆ. ಮಂಗನ ಕಾಯಿಲೆ ಹರಡೋದು ಅದು ಕಚ್ಚಿ, ಸಾಗರ ತಾಲ್ಲೂಕು ಆ ಕಾಯಿಲೆಯ ಸೀಮೆ. 1957ರಲ್ಲಿ ಇದು ಮೊದಲು ಪತ್ತೆಯಾದದ್ದು ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ, 2018–19ರಲ್ಲಿ ಜೋರಾಗಿ ಹಬ್ಬಿದ್ದು ಕಾರ್ಗಲ್ ಹತ್ರದ ಅರಳಗೋಡಲ್ಲಿ. ಕಾಯಿಲೆಯ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ, ನವೆಂಬರ್ ಅದರ ಹೊಸ್ತಿಲು. ಹೆದರಿ ಮನೇಲಿ ಕೂರೋ ವಿಷಯ ಅಲ್ಲ. ಕಾಡಿನ ತರಗೆಲೆ ಮೇಲೆ ಕೂರಬೇಡಿ, ಉದ್ದ ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ, ರೂಮಿಗೆ ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ ಕಂಕುಳು, ಸೊಂಟ, ಮಂಡಿ ಹಿಂದೆ ಒಬ್ಬರಿಗೊಬ್ಬರು ನೋಡಿ. ಎಳ್ಳಿನಷ್ಟೇ ಇರತ್ತೆ. ಕಚ್ಚಿದ್ರೆ ಉಗುರಲ್ಲಿ ಜಜ್ಜಬೇಡಿ, ಚಿಮುಟದಲ್ಲಿ ಚರ್ಮಕ್ಕೆ ಹತ್ತಿಸಿ ಹಿಡಿದು ನೇರ ಎಳೀರಿ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ, ಅಂದ್ರೆ ನೀವು ಬೆಂಗಳೂರು ಸೇರಿದ ಮೇಲೆ, ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು ಬಂದ್ರೆ ಡಾಕ್ಟರಿಗೆ 'ಸಾಗರದ ಕಾಡಿಗೆ ಹೋಗಿದ್ವಿ' ಅಂತ ನೀವೇ ಹೇಳಬೇಕು. ಅವರಾಗಿ ಕೇಳಲ್ಲ.

ಉಂಬಳ (ಜಿಗಣೆ) ನವೆಂಬರ್‌ಗೆ ಕಮ್ಮಿಯಾಗಿರತ್ತೆ. ಹಿಡಿದ್ರೆ ಉಪ್ಪು ಸಾಕು.

ದುಡ್ಡು: ಹಿನ್ನೀರಿನ ಕಡೆ ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ. ಸಿಗ್ನಲ್ ಇಲ್ಲದಿದ್ರೆ ಯುಪಿಐ ಇಲ್ಲ. ನಗದು ಇಟ್ಕೊಂಡೇ ಬನ್ನಿ.

ಕಾಂಡ್ಲಾ_ಕಡೆಯವ

ಕೆಳಗೆ ಇಳಿಯೋದು ನಮ್ಮ ಕಡೆ, ನಾನು ಹೇಳ್ತೆ.

ಜೋಗದಿಂದ ಮಾವಿನಗುಂಡಿ, ಗೇರುಸೊಪ್ಪ ಘಾಟಿ, ಹೊನ್ನಾವರ. ಎರಡು ಗಂಟೆ ದಾರಿ. ಸಾಗರ–ಹೊನ್ನಾವರ ಬಸ್ಸು ಇದೇ ದಾರೀಲಿ ಬರ್ತದೆ. ಸಾಮಾನ್ಯ ಸರ್ಕಾರಿ ಬಸ್ಸಾದ್ರೆ ಶಕ್ತಿ ಯೋಜನೆಯಲ್ಲಿ ನಿಮ್ಮ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಕೈಯಲ್ಲಿರಲಿ. ಆದ್ರೆ ವಾಂತಿ ಆಗೋರಿಗೆ ನನ್ನ ಓಟು ಟ್ಯಾಕ್ಸಿಗೆ. ಇಡೀ ಪ್ರವಾಸದಲ್ಲಿ ದುಡ್ಡು ಸುರಿಯೋದಾದ್ರೆ ಇಲ್ಲೊಂದೇ ಕಡೆ ಸುರೀರಿ: ಮುಂದಿನ ಸೀಟು, ಬೇಕಾದಲ್ಲಿ ನಿಲ್ಲಿಸಬಹುದು. ವಾಂತಿ ಮಾತ್ರೆ ತಿರುವು ಶುರುವಾದ ಮೇಲೆ ನುಂಗಿದ್ರೆ ಮಾತ್ರೆಯೇ ಮೊದಲು ಆಚೆ ಬರ್ತದೆ. ಹೊರಡೋ ಅರ್ಧದಿಂದ ಒಂದು ಗಂಟೆ ಮೊದಲು ತಗೋಬೇಕು. ನಿದ್ದೆ ಬರೋ ಮಾತ್ರೆ ಅದು, ಡ್ರೈವರ್ ಮಾಮಗೆ ಕೊಡಬೇಡಿ ಮತ್ತೆ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಪೂರಿ–ಸಾಗುವೂ ಬೇಡ, ಎರಡು ಇಡ್ಲಿ ಸಾಕು. ಮೊಬೈಲ್ ನೋಡದೆ ದೂರದ ರಸ್ತೆ ನೋಡ್ಬೇಕು.

ಘಾಟಿಯಲ್ಲಿ ರಸ್ತೆ ಬದಿಗೆ ಸಿಂಗಳೀಕ ಕಾಣಬಹುದು: ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಪಶ್ಚಿಮಘಟ್ಟ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಚಿಪ್ಸ್ ಎಸೀಬೇಡಿ. ತಿನ್ನೋ ಆಸೆಗೆ ಮರ ಇಳಿದು ರಸ್ತೆಗೆ ಬಂದು ಲಾರಿಗೆ ಸಿಗ್ತವೆ.

ಟ್ಯಾಕ್ಸಿ ಆದ್ರೆ ಗೇರುಸೊಪ್ಪದಲ್ಲಿ ಹೊಳೆಯ ಆಚೆ ನಗರಬಸ್ತಿಕೇರಿಯ ಚತುರ್ಮುಖ ಬಸದಿ ನೋಡಿ. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಾಡು, ಜನವೇ ಇಲ್ಲ. ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಊರು ಅದು. ಬಾಡಿಗೆ ಮಾತಾಡೋವಾಗಲೇ 'ಬಸದಿಗೂ ಹೋಗ್ಬೇಕು' ಅಂತ ಹೇಳಿಬಿಡಿ. ಅಲ್ಲಿ ಹೋಗಿ ಹೇಳಿದ್ರೆ ಚರ್ಚೆ ಶುರುವಾಗ್ತದೆ.

ತಂಗೋದು ಕಾಸರಕೋಡಲ್ಲಿ. ಹೊನ್ನಾವರ ಸೇತುವೆ ದಾಟಿ ದಕ್ಷಿಣಕ್ಕೆ. ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿಯಾದ ಕಡಲತೀರಕ್ಕೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ. ಶೌಚಾಲಯ, ಸ್ನಾನದ ಜಾಗ, ಜೀವರಕ್ಷಕರು ಇದ್ದಾರೆ. ಈಜು ಬಾರದವರು ಬಾವುಟ ನೆಟ್ಟ ಜಾಗದೊಳಗೆ, ಸೊಂಟದ ಕೆಳಗಿನ ನೀರಲ್ಲಿ ಮಾತ್ರ. ಅಲೆ ಸಾಲಾಗಿ ಒಡೀತಾ ಇರೋವಾಗ ನಡುವೆ ಒಂದು ಕಡೆ ಅಲೆ ಒಡೆಯದೆ ನೀರು ಸುಮ್ಮನೆ, ಸ್ವಲ್ಪ ಕಪ್ಪಾಗಿ ಕಾಣ್ತದೆ ನೋಡಿ. ಹೊರಗಿನವರು ಅದನ್ನೇ 'ಶಾಂತವಾಗಿದೆ' ಅಂತ ಆರಿಸ್ಕೊಳ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಹೋಗೋ ಬಾಗಿಲು ಅದು, ಸೆಳೆತ ಅಲ್ಲೇ. ಸಿಕ್ಕಿಬಿದ್ರೆ ದಡದ ಕಡೆ ಗುದ್ದಾಡಬಾರದು, ತೇಲ್ತಾ ಕೈ ಎತ್ತಿ ಕೂಗ್ಬೇಕು. ಈಜು ಬಂದವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜ್ಬೇಕು.

ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ನಡಿಗೆದಾರಿ ಇದೆ. ಅದಕ್ಕೆ ಉಬ್ಬರ–ಇಳಿತ ನೋಡ್ಕೊಂಡು ಹೋಗ್ಬೇಕು. ಇಳಿತದಲ್ಲಿ ಹೋದ್ರೆ ಕೆಸರಿಂದ ಪೆನ್ಸಿಲ್ ಚುಚ್ಚಿದ ಹಾಗೆ ಎದ್ದ ಉಸಿರುಬೇರು, ಒಂದು ಕೊಂಬು ಮಾತ್ರ ದೊಡ್ಡದಿರೋ ಏಡಿ, ಎಲ್ಲ ಕಾಣ್ತದೆ. ಉಬ್ಬರದಲ್ಲಿ ಬರೀ ನೀರು ಮತ್ತು ಎಲೆ. ದೋಣಿಗೆ ಉಲ್ಟಾ, ಉಬ್ಬರ ಇದ್ರೇ ಒಳಗಿನ ಕಾಲುವೆಗೆ ನುಗ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡೂವರೆ ಗಂಟೆ ಹತ್ರ, ದಿನಾ ಮುಕ್ಕಾಲು ಗಂಟೆ ಮೇಲೆ ತಡವಾಗ್ತಾ ಹೋಗ್ತದೆ. ಹೋಟೆಲಿನವರನ್ನ ಕೇಳೋ ಬದಲು ಮೀನುಗಾರರನ್ನ ಕೇಳಿ.

ಗೋಕರ್ಣ ಬೇಡ. ಬೇಸರ ಮಾಡ್ಕೋಬೇಡಿ, ಗೋಕರ್ಣ ಚೆಂದವೇ. ಆದ್ರೆ ಹೊನ್ನಾವರದಿಂದ 50 ಕಿ.ಮೀ., ಎರಡೇ ರಾತ್ರಿಗೆ ಗಂಟು ಕಟ್ಟಿ ಬಿಚ್ಚೋದೇ ಆಗ್ತದೆ. ಅದಕ್ಕೆ ಬೇರೆ ಮೂರು ದಿನ ಇಡಿ. ನಿಮಗೆ ಅಪ್ಸರಕೊಂಡ ಸಾಕು. ಕಾಸರಕೋಡಿಂದ ರಿಕ್ಷಾದಲ್ಲಿ ಹೋಗಬಹುದು, ಗುಡ್ಡದ ಮೇಲಿಂದ ಕೆಳಗೆ ಇಡೀ ಕಡಲು. ನವೆಂಬರ್‌ನಲ್ಲಿ ಸೂರ್ಯ ಆರರ ಆಸುಪಾಸಿಗೆ ಮುಳುಗ್ತಾನೆ, ಐದೂ ಕಾಲಿಗೆ ಅಲ್ಲಿರಿ. ಬಂದ ರಿಕ್ಷಾವನ್ನೇ ಕಾಯೋಕೆ ಹೇಳಿ, ಕತ್ತಲಾದ ಮೇಲೆ ಬೇರೆ ಸಿಗೂದಿಲ್ಲ.

ಮೀನಿಗೆ: ನೊಗ್ಲಿ ಅಂದ್ರೆ ನಿಮ್ಮ ಕಾಣೆ. ತಟ್ಟೆಗೆ ಬಂದ ಮೇಲೆ ಅಲ್ಲ, ಹುರಿಯೋಕೆ ಮೊದಲೇ ಗಾತ್ರ ತೋರಿಸಿ ದರ ಕೇಳಿ.

ಬಿಡುವಿಲ್ಲದವ

ಅಬ್ಬಾ, ಇಷ್ಟು ಸಿಗತ್ತೆ ಅಂದ್ಕೊಂಡಿರಲಿಲ್ಲ, ಧನ್ಯವಾದ. ಗೋಕರ್ಣ ಕೈಬಿಟ್ಟೆ. ಎರಡು ಅನುಮಾನ. ಸೋಮವಾರ ಬೆಳಗ್ಗೆ ನೇತ್ರಾಣಿ ಮುಗಿಸಿ ಅದೇ ಸಂಜೆ ರೈಲು ಹತ್ತಬಹುದಾ? ಮತ್ತೆ, ಸಿಗಂದೂರು ಸೇತುವೆ ಆಗಿದೆಯಲ್ಲ, ಆ ದಾರಿಯಲ್ಲಿ ಕೊಲ್ಲೂರಿಗೆ ಇಳಿದ್ರೆ ಹೇಗೆ?

ಹನ್ನೆರಡು_ಮೀಟರ್_ಕೆಳಗೆ

ಸೋಮವಾರ ಬೇಡ, ಭಾನುವಾರಕ್ಕೆ ಇಡಿ. ಕಾರಣ ಇದೆ.

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅನ್ನೋದು ಎಲ್ಲರಿಗೂ ಗೊತ್ತು. ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದ್ರೆ 18 ಗಂಟೆ ಅಂತ ರೂಢಿಯ ಲೆಕ್ಕ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನಕ್ಕೆ ಹೊರಹೋಗಬೇಕು, ಅದಕ್ಕೆ ಮೊದಲೇ ಎತ್ತರಕ್ಕೆ ಹೋದ್ರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ. ಇದೇ ಲೆಕ್ಕ 2000 ಅಡಿ ದಾಟೋ ರಸ್ತೆಗೂ ರೈಲಿಗೂ ಅನ್ವಯಿಸತ್ತೆ ಅನ್ನೋದನ್ನ ಜನ ಮರೀತಾರೆ. ನಿಮ್ಮ ರೈಲು ರಾತ್ರಿ ಸುಬ್ರಹ್ಮಣ್ಯ–ಸಕಲೇಶಪುರ ಘಾಟಿ ಹತ್ತತ್ತೆ, ಸಕಲೇಶಪುರ, ಬೆಂಗಳೂರು ಎರಡೂ 900 ಮೀಟರ್ ಹತ್ರ, ಅಂದ್ರೆ 3000 ಅಡಿ. ಮಧ್ಯಾಹ್ನ ನೀರಿಂದ ಎದ್ದು ನಡುರಾತ್ರಿ ಮೇಲೆ ಅಲ್ಲಿರ್ತೀರಿ. ಒಂದೇ ಡೈವ್‌ಗೆ ಲೆಕ್ಕ ಅಂಚಿನಲ್ಲಿ ಕೂರಬಹುದು, ಆದ್ರೆ ಅಂಚಿನಲ್ಲಿ ಯಾಕೆ ಕೂರಬೇಕು? ಭಾನುವಾರ ಡೈವ್, ಸೋಮವಾರ ಕಡಲ ದಡದಲ್ಲಿ ಸುಮ್ಮನೆ ಬಿದ್ಕೊಳ್ಳಿ. ನೀವು ಮೊದಲು ಘಟ್ಟ, ಆಮೇಲೆ ಕಡಲು ಇಟ್ಕೊಂಡಿರೋದೂ ಇದಕ್ಕೇ ಒಳ್ಳೇದು.

ಈಜು ಬಾರದವರೂ ಮೊದಲ ಸಲದ ಡೈವ್ ಮಾಡಬಹುದು, ತರಬೇತಿದಾರ ಹಿಡಿದೇ ಇರ್ತಾರೆ, 12 ಮೀಟರ್‌ಗಿಂತ ಕೆಳಗೆ ಒಯ್ಯಲ್ಲ. ಎಡವೋದು ಕಿವಿಯಲ್ಲಿ. ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿಮಾಡ್ಕೋಬೇಕು, ಅದೂ ನೋವು ಶುರುವಾಗೋ ಮೊದಲೇ, ಇಳಿಯೋವಾಗ ಪ್ರತಿ ಅರ್ಧ–ಒಂದು ಮೀಟರಿಗೆ. ನೋವಾದ ಮೇಲೆ ಜೋರಾಗಿ ಊದಿದ್ರೆ ಕಿವಿಪೊರೆಗೆ ಪೆಟ್ಟು. ಆಗಲಿಲ್ಲ ಅಂದ್ರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನ. ನೆಗಡಿ ಇದ್ರೆ ಆ ದಿನ ಇಳಿಯಲೇಬಾರದು. ಅಸ್ತಮಾ, ಹೃದಯ, ಕಿವಿ ಆಪರೇಷನ್ ಇದ್ದವರು ಮೊದಲೇ ಡಾಕ್ಟರ ಒಪ್ಪಿಗೆ ಪಡೀಬೇಕು, ಗರ್ಭಿಣಿಯರಿಗೆ ಪೂರ್ತಿ ಬೇಡ. ವೈದ್ಯಕೀಯ ಫಾರಂನಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಗೀಚಿ ಸಹಿ ಹಾಕೋದು ನಿಮಗೆ ನೀವೇ ಮಾಡ್ಕೊಳ್ಳೋ ಮೋಸ.

ಮುರುಡೇಶ್ವರದಿಂದ ದ್ವೀಪಕ್ಕೆ ದೋಣೀಲಿ ಹೋಗೋಕೆ ಬಹಳ ಹೊತ್ತು ಬೇಕು, ಘಾಟಿಯಲ್ಲಿ ವಾಂತಿ ಮಾಡೋರು ದೋಣಿಯಲ್ಲೂ ಮಾಡ್ತಾರೆ. ಹೊಟ್ಟೆ ಹಗುರ ಇರಲಿ. ಆದ್ರೆ ಇಲ್ಲಿ ಮಂಪರು ಬರೋ ಮಾತ್ರೆ ನುಂಗಿ ನೀರಿಗೆ ಇಳಿಯೋದು ಸರಿಯಲ್ಲ, ಯಾವುದು ಆಗತ್ತೆ ಅಂತ ಡಾಕ್ಟರನ್ನ ಕೇಳ್ಕೊಂಡೇ ಬನ್ನಿ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದ್ರೆ ದೋಣಿ ಬಿಡಲ್ಲ, ಅಕ್ಟೋಬರ್–ನವೆಂಬರ್‌ನಲ್ಲಿ ಅದು ಮಾಮೂಲಿ. ಹಾಗಾಗಿ ದುಡ್ಡು ಕಟ್ಟೋ ಮೊದಲು ರದ್ದಾದ್ರೆ ವಾಪಸ್ ಹೇಗೆ ಅಂತ ಬರಹದಲ್ಲಿ ತಗೊಳ್ಳಿ.

ತಾಳಗುಪ್ಪ_ಲಾಸ್ಟ್_ಸ್ಟಾಪ್

ಸಿಗಂದೂರು ಸೇತುವೆ 2025ರ ಜುಲೈ 14ಕ್ಕೆ ತೆರೆದಿದೆ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿ.ಮೀ. ಲಾಂಚಿಗೆ ಕಾಯೋದು ತಪ್ಪಿತು, ನಿಜ. ಆದ್ರೆ ಆ ದಾರಿ ತುಮರಿ ದಾಟಿ ಕೊಲ್ಲೂರಿಗೆ ಇಳಿಯತ್ತೆ, ಕಡೆಗೆ ಬೈಂದೂರು ಸೇರ್ತೀರಿ, ಹೊನ್ನಾವರಕ್ಕೆ ಮತ್ತೆ ಉತ್ತರಕ್ಕೆ ಬರಬೇಕು. ಕೊಲ್ಲೂರು ದರ್ಶನ ಬೇಕಿದ್ದವರಿಗೆ ಸರಿ. ನಿಮಗೆ ಗೇರುಸೊಪ್ಪವೇ ಸರಿ, ರಸ್ತೆ ಅಗಲ, ಬಸ್ಸೂ ಇದೆ. ಸೇತುವೆ ನೋಡಲೇಬೇಕಂದ್ರೆ ಶುಕ್ರವಾರ ರಿಕ್ಷಾ ಅಥವಾ ಟ್ಯಾಕ್ಸಿ ಮಾಡ್ಕೊಂಡು ಹೋಗಿ ಬನ್ನಿ. ರಜೆ ದಿನ ದೇವಸ್ಥಾನದ ಜನ, ವಾರದ ನಡುವೆ ಖಾಲಿ.

ಕಾಂಡ್ಲಾ_ಕಡೆಯವ

ವಾಪಸ್ ರೈಲಿಗೆ ಒಂದು ಮಾತು. ಕಾರವಾರ–ಬೆಂಗಳೂರು ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊನ್ನಾವರಕ್ಕೆ ಬರ್ತದೆ, ಬೆಳಗ್ಗೆ ಬೆಂಗಳೂರು. ಸ್ಟೇಷನ್ ಪೇಟೆಯಿಂದ ಸ್ವಲ್ಪ ಹೊರಗೆ, ನಿಲ್ಲೋದು ಒಂದೆರಡೇ ನಿಮಿಷ. ಬೋಗಿ ಎಲ್ಲಿ ನಿಲ್ತದೆ ಅಂತ ಮೊದಲೇ ಕೇಳಿ ಅಲ್ಲಿಗೆ ಹೋಗಿ ನಿಂತಿರಿ. ರಾತ್ರಿ ಊಟ ಕಟ್ಟಿಸ್ಕೊಂಡೇ ಹತ್ತಿ.